ಸ್ಲಿಪ್ಪಿನಲ್ಲಿ ಯಾರು ನಿಲ್ಲುತ್ತಾರೆ?

ಜೂನ್ 11, 1984

ಕ್ಯಾಪ್ಟನ್ ಸಾಹೇಬರಿಗೆ ಅತ್ತೆಯ ಸಲಾಮು.

ನಿಮ್ಮಪ್ಪನ ಕಾರ್ಡು ತಲುಪಿತು. ಇದ್ದದ್ದೇ ನಾಲ್ಕು ಸಾಲು, ಅದರಲ್ಲಿ ಮೂರು ಅವನ ಬಗ್ಗೆ. ನಾಲ್ಕನೆಯದರಲ್ಲಿ ನೀನು ಶಾಲೆಯ ಕ್ರಿಕೆಟ್ ತಂಡಕ್ಕೆ ಕ್ಯಾಪ್ಟನ್ ಆದ ಸುದ್ದಿ. ಓದಿ ಕುಣಿದಾಡಿದೆ ಎಂದರೆ ನೀನು ನಂಬುವುದಿಲ್ಲ. ಪ್ರೆಸ್ಸಿನಲ್ಲಿ ನನ್ನ ಪಕ್ಕದ ಮೇಜಿನವಳನ್ನು ಕೇಳು, ತಿದ್ದುತ್ತಿದ್ದ ಕರಡಿನ ಮೇಲೆ ಅರ್ಧ ಬಾಟಲಿ ಶಾಯಿ ಚೆಲ್ಲಿದ್ದೇನೆ. ಯಾವುದೋ ಭೂಗೋಳದ ಪುಸ್ತಕ. ಒಂದು ದ್ವೀಪ ಪೂರ್ತಿ ಮುಳುಗಿಹೋಯಿತು.

ಈಗ ಕೆಲಸದ ಮಾತು. ನೀನು ನನ್ನ ಸಲಹೆ ಕೇಳಿಲ್ಲ, ಕೇಳದಿದ್ದರೂ ಕೊಡುವುದು ನನ್ನ ಹುಟ್ಟುಗುಣ. ನಾನು ಒಂದು ದಿನವೂ ಬ್ಯಾಟು ಹಿಡಿದವಳಲ್ಲ. ಆದರೆ ಇಪ್ಪತ್ತೆರಡು ವರ್ಷ ಸ್ಕೋರ್ ಪುಸ್ತಕ ಹಿಡಿದಿದ್ದೇನೆ. ಮೊದಲು ನಿಮ್ಮಪ್ಪ ಕ್ಯಾಪ್ಟನ್ ಆಗಿದ್ದ ಕ್ಲಬ್ಬಿಗೆ, ಈಗ ಭಾನುವಾರಗಳಲ್ಲಿ ನಮ್ಮ ಪ್ರೆಸ್ಸಿನ ತಂಡಕ್ಕೆ. ಆಡುವವನಿಗೆ ತನ್ನ ಆಟ ಮಾತ್ರ ಕಾಣುತ್ತದೆ. ಪುಸ್ತಕ ಬರೆಯುವವಳಿಗೆ ಇಪ್ಪತ್ತೆರಡು ಜನರದ್ದೂ ಕಾಣುತ್ತದೆ. ಅದಕ್ಕೇ ಹೇಳುತ್ತೇನೆ: ಪ್ರತಿ ಪಂದ್ಯದಲ್ಲೂ ಸ್ಕೋರ್ ಹಾಳೆಯ ಕೆಳಗೆ ಕಾರ್ಬನ್ ಇಡಿಸು. ಅಡಿಯ ಪ್ರತಿ ನನಗೆ ಅಂಚೆಗೆ ಹಾಕು. ಯಾವ ಚೆಂಡಿಗೆ ಎಷ್ಟು ರನ್, ಯಾರು ಹಾಕಿದ್ದು, ಯಾರು ಹೊಡೆದದ್ದು, ಇಷ್ಟಿದ್ದರೆ ಸಾಕು. ಗೆರೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಷ್ಟೇ ಸ್ಪಷ್ಟವಾಗಿ ನಿನ್ನ ಪಂದ್ಯವನ್ನು ಇಲ್ಲಿಂದ ನೋಡುತ್ತೇನೆ.

ಮೈದಾನದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬೇಡ. ನಿಮ್ಮಪ್ಪ ಹಾಗೆ ನಿಲ್ಲುತ್ತಿದ್ದ, ಹಿಂದಿನಿಂದ ನೋಡಿದರೆ ಹಿಡಿ ಇರುವ ಹೂಜಿಯಂತಿರುತ್ತಿದ್ದ.

ನಿನ್ನ ಅತ್ತೆ


ಜೂನ್ 25, 1984

ಅತ್ತೆಗೆ ನಮಸ್ಕಾರ.

ಮೊದಲ ಪಂದ್ಯ ಗೆದ್ದೆವು! ಇಪ್ಪತ್ತು ರನ್ನಿನಿಂದ. ನಾನು ಮೂವತ್ತೊಂದು ಹೊಡೆದೆ. ಹಾಳೆ ಇಟ್ಟಿದ್ದೇನೆ. ಕಾರ್ಬನ್ ಹಳೆಯದು, ಅಲ್ಲಲ್ಲಿ ಮಸುಕಾಗಿದೆ. ಬರೆದವನು ಕನ್ನಡಕ. ಅಂದರೆ ನಮ್ಮ ಹನ್ನೆರಡನೆಯ ಆಟಗಾರ. ಕನ್ನಡಕ ತೆಗೆದರೆ ಅವನಿಗೆ ಮೈದಾನವೇ ಕಾಣುವುದಿಲ್ಲ, ಹಾಕಿಕೊಂಡರೆ ಚೆನ್ನಾಗಿಯೇ ಬೌಲ್ ಮಾಡುತ್ತಾನೆ. ಆದರೆ ಡ್ರಿಲ್ ಮೇಷ್ಟ್ರು ಅವನನ್ನು ಪುಸ್ತಕಕ್ಕೆ ಕೂರಿಸಿದ್ದಾರೆ.

ನಿಮಗೆ ಹಾಳೆಯಲ್ಲಿ ಒಂದು ವಿಷಯ ಕಾಣಬಹುದು. ಕಡ್ಡಿ ಒಂಬತ್ತು ಓವರಿಗೆ ನಲವತ್ತೊಂದು ರನ್ ಕೊಟ್ಟಿದ್ದಾನೆ, ಒಂದೇ ವಿಕೆಟ್. ಕಡ್ಡಿ ನಮ್ಮ ಎಡಗೈ ಸ್ಪಿನ್ನರ್, ಮೂರನೆಯ ಕ್ಲಾಸಿನಿಂದ ನನ್ನ ಪಕ್ಕದ ಬೆಂಚಿನವನು. ಅಷ್ಟು ತೆಳ್ಳಗಿದ್ದಾನೆ, ಅಡ್ಡ ನಿಂತರೆ ಅಂಪೈರಿಗೆ ಕಾಣುವುದಿಲ್ಲ. ದಿನಾ ಸಂಜೆ ಮನೆ ಹಿಂದಿನ ಗೋಡೆಗೆ ನೂರು ಚೆಂಡು ಹಾಕುತ್ತಾನೆ. ಈ ಸಲ ಯಾಕೋ ಅವನಿಗೆ ವಿಕೆಟ್ ಬೀಳುತ್ತಿಲ್ಲ.

ನಾನು ಸೊಂಟದ ಮೇಲೆ ಕೈ ಇಡುತ್ತಿಲ್ಲ. ಹಿಂದೆ ಕಟ್ಟಿಕೊಳ್ಳುತ್ತಿದ್ದೇನೆ.

ನಿಮ್ಮ ಪ್ರೀತಿಯ,
ಕ್ಯಾಪ್ಟನ್


ಜುಲೈ 2, 1984

ಕ್ಯಾಪ್ಟನ್ ಸಾಹೇಬರೇ,

ಹಿಂದೆ ಕೈ ಕಟ್ಟಿಕೊಂಡರೆ ಚೆಂಡು ಬಂದಾಗ ಬಿಚ್ಚುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ಕೈ ಮುಂದಿರಲಿ.

ನಿನ್ನ ಹಾಳೆಯನ್ನು ಮಧ್ಯಾಹ್ನದ ಬಿಡುವಿನಲ್ಲಿ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಕನ್ನಡಕನ ಕೈಬರಹ ಅಚ್ಚುಕಟ್ಟು, ಕೂಡಿಸಿದ್ದರಲ್ಲಿ ಒಂದೂ ತಪ್ಪಿಲ್ಲ. ನಿನ್ನ ಮೂವತ್ತೊಂದರಲ್ಲಿ ಹದಿನಾರು ಅದೃಷ್ಟದ್ದು, ಒಪ್ಪಿಕೋ. ಬೌಲಿಂಗ್ ಬದಲಾವಣೆ ಚೆನ್ನಾಗಿ ಮಾಡಿದ್ದೀ. ಎಲ್ಲಕ್ಕಿಂತ ನನಗೆ ಖುಷಿಯಾದದ್ದು ನಿನ್ನ ಹುಡುಗರ ಕೈ. ಇಡೀ ಪಂದ್ಯದಲ್ಲಿ ಕೈಗೆ ಬಂದ ಕ್ಯಾಚ್ ಒಂದನ್ನೂ ನೀವು ಬಿಟ್ಟಿಲ್ಲ! ಹದಿನೈದು ವರ್ಷದ ಹುಡುಗರ ತಂಡದಲ್ಲಿ ಇಂಥದ್ದು ನಾನು ಕಂಡಿಲ್ಲ. ಈ ಮಾತನ್ನು ಅವರಿಗೆ ಓದಿ ಹೇಳು.

ಕಡ್ಡಿಯ ವಿಷಯ: ಅವನ ಪ್ರತಿ ಎರಡನೆಯ ಓವರಿನಲ್ಲಿ ಒಂದು, ಎರಡು, ಮತ್ತೆ ಎರಡು ಹೀಗೆ ಸೋರಿದೆ. ಹಿಡಿತ ಸಡಿಲಾಗಿದೆ ಎಂದು ಕಾಣುತ್ತದೆ. ಕಣ್ಣಿಟ್ಟಿರು.

ಒಂದು ತಮಾಷೆ ಕೇಳು. ನಿನ್ನ ಮಾವನಿಗೂ ಕ್ರಿಕೆಟ್ಟಿಗೂ ಮಾತಿಲ್ಲ ಕಥೆಯಿಲ್ಲ, ನಿನಗೆ ಗೊತ್ತಲ್ಲ. ಮದುವೆಯಾದ ಮೇಲೆ ಒಂದು ಪಂದ್ಯವನ್ನೂ ನೋಡಿದವರಲ್ಲ. ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವುದು, ಮನೆಗೆ ಬಂದು ಕೈಗೆ ಹತ್ತಿದ ಅಂಟು ಕೀಳುತ್ತಾ ಕೂರುವುದು, ಮುಗಿಯಿತು. ಅಂಥವರು ನಿನ್ನ ಹಾಳೆಯನ್ನು ನನ್ನ ಭುಜದ ಮೇಲಿಂದ ಒಂದು ಗಳಿಗೆ ನೋಡಿ, "ಸ್ಲಿಪ್ಪಲ್ಲಿ ಯಾರು ನಿಲ್ತಾರೆ?" ಅಂದರು. ವಿಕೆಟ್‌ಕೀಪರ್ ಪಕ್ಕದ ಆ ಜಾಗದ ಹೆಸರು ಅವರಿಗೆ ನೆನಪಿರುವುದೇ ದೊಡ್ಡದು. "ಅದನ್ನ ತಿಳ್ಕೊಂಡು ಏನು ಮಾಡ್ತೀರಿ?" ಎಂದೆ. "ಸುಮ್ನೆ" ಅಂದರು.

ಕೇಳಿದ್ದಾರಲ್ಲ, ಮುಂದಿನ ಸಲ ಬರೆ.

ಅತ್ತೆ


ಜುಲೈ 23, 1984

ಅತ್ತೆಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ಎರಡು ಪಂದ್ಯದ ಹಾಳೆ ಒಟ್ಟಿಗೆ ಇಟ್ಟಿದ್ದೇನೆ. ಒಂದು ಗೆದ್ದೆವು, ಒಂದು ಸೋತೆವು. ಸೋತದ್ದು ಕೆಟ್ಟದಾಗಿ. ಅವರ ಆರಂಭದ ಆಟಗಾರ ಎಂಬತ್ತೆರಡು ಹೊಡೆದ. ಕಡ್ಡಿಯ ಲೆಕ್ಕ ಈಗ ಮೂರು ಪಂದ್ಯಕ್ಕೆ ಇಪ್ಪತ್ತಾರು ಓವರ್, ನೂರ ಹದಿನೆಂಟು ರನ್, ಮೂರು ವಿಕೆಟ್. ಇನ್ನೊಂದು ಪಂದ್ಯ ಗೆದ್ದರೆ ನಾವು ಫೈನಲ್ಲಿಗೆ.

ಡ್ರಿಲ್ ಮೇಷ್ಟ್ರು, "ಅವನನ್ನ ಇಟ್ಕೋತೀಯೋ ತೆಗೀತೀಯೋ, ಕ್ಯಾಪ್ಟನ್ ನೀನು, ನೀನೇ ಹೇಳು" ಅಂದಿದ್ದಾರೆ. ಕಡ್ಡಿ ನನ್ನ ಹತ್ತಿರ ಏನೂ ಕೇಳುವುದಿಲ್ಲ. ಓವರ್ ಮುಗಿಸಿ ಟೋಪಿ ಹಾಕಿಕೊಂಡು ಗೆರೆಯ ಕಡೆ ಹೋಗುತ್ತಾನೆ. ಮೊದಲು ಶಾಲೆಯಿಂದ ಒಟ್ಟಿಗೆ ಹೋಗುತ್ತಿದ್ದೆವು. ಈಗ ಅವನಿಗೆ ದಿನಾ ಏನೋ ಬೇರೆ ಕೆಲಸವಿರುತ್ತದೆ.

ನೀವು ಹಾಳೆ ನೋಡಿ ಹೇಳಿ. ನಿಮಗೆ ಪುಸ್ತಕದಲ್ಲಿ ಏನು ಕಾಣುತ್ತದೋ ಅದನ್ನೇ ಮಾಡುತ್ತೇನೆ.

ಮಾವನಿಗೆ ನಮಸ್ಕಾರ ತಿಳಿಸಿ.

ಕ್ಯಾಪ್ಟನ್


ಜುಲೈ 30, 1984

ಪ್ರೀತಿಯ ಕ್ಯಾಪ್ಟನ್,

ತೆಗೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಸ್ನೇಹಿತನನ್ನು ತೆಗೆಯುವವನಿಗೆ ಕಾರಣ ಕೈಯಲ್ಲಿರಬೇಕು. ಮೂರು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದು ನೋಡಿದ್ದೇನೆ. ನಿಮ್ಮ ತಂಡ ಮೂರು ಪಂದ್ಯದಲ್ಲಿ ಒಂದು ಕ್ಯಾಚನ್ನೂ ಬಿಟ್ಟಿಲ್ಲ. ಅಂದಮೇಲೆ ಅವನಿಗೆ ವಿಕೆಟ್ ಬೀಳದಿರುವುದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ. ಹುಡುಗ ಚೆಂಡನ್ನು ತಿರುಗಿಸುತ್ತಲೇ ಇಲ್ಲ. ಎಂಬತ್ತೆರಡು ಹೊಡೆದವನು ನಾಲ್ಕರ ನಂತರ ಅರ್ಧಕ್ಕರ್ಧ ಅವನನ್ನೇ ಮೇಯ್ದಿದ್ದಾನೆ. ಕನ್ನಡಕನಿಗೆ ಚೆಂಡು ಕೊಡು. ಕೂಡುವುದರಲ್ಲಿ ತಪ್ಪದವನು ಗುರಿಯಲ್ಲೂ ತಪ್ಪುವುದಿಲ್ಲ.

ಹಿಂದಿನಿಂದ ಮಾತಾಡಬೇಡ. ತಂಡದ ಎದುರಿಗೇ ಹೇಳು. ಬೇಕಿದ್ದರೆ ನನ್ನ ಪತ್ರವನ್ನೇ ಓದು, ಬೈಗುಳವೆಲ್ಲ ನನ್ನ ತಲೆಗಿರಲಿ. ಪುಸ್ತಕ ಯಾರ ಮುಖವನ್ನೂ ನೋಡುವುದಿಲ್ಲ, ಯಾರ ಅಣ್ಣ ಯಾರ ತಮ್ಮ ಎಂದು ಕೇಳುವುದಿಲ್ಲ. ಅದೊಂದನ್ನು ನಂಬು.

ನಿನ್ನ ಮಾವ ಇವತ್ತೂ ಅದೇ ಪ್ರಶ್ನೆ ಎತ್ತಿದರು. "ಬರೆದ್ನಾ, ಸ್ಲಿಪ್ಪಲ್ಲಿ ಯಾರು ಅಂತ?" ನೀನು ಬರೆದಿಲ್ಲ. "ಮರೆತಿರಬೇಕು" ಎಂದೆ. ಎದ್ದು ಹೋದರು. ವಯಸ್ಸಾದ ಹಾಗೆಲ್ಲ ಗಂಡಸರಿಗೆ ಒಂದೊಂದು ಹುಚ್ಚು.

ಅತ್ತೆ


ಆಗಸ್ಟ್ 13, 1984

ಅತ್ತೆಗೆ ನಮಸ್ಕಾರ.

ಗೆದ್ದೆವು! ಫೈನಲ್ಲಿಗೆ ಬಂದೆವು! ಸೆಪ್ಟೆಂಬರ್ ಒಂಬತ್ತಕ್ಕೆ ಪಂದ್ಯ.

ನೀವು ಹೇಳಿದ ಹಾಗೆಯೇ ಮಾಡಿದೆ. ಪಂದ್ಯದ ಹಿಂದಿನ ದಿನ ಸಾಮಾನಿಡುವ ಕೋಣೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ನಿಮ್ಮ ಪತ್ರ ಓದಿದೆ. ಎಲ್ಲವನ್ನೂ ಅಲ್ಲ, ಕಡ್ಡಿಗೆ ಸಂಬಂಧಪಟ್ಟಷ್ಟು. ಕಡ್ಡಿ ಪ್ಯಾಡುಗಳ ಪೆಟ್ಟಿಗೆಯ ಮೇಲೆ ಕೂತಿದ್ದ.

"ನಿಮ್ಮತ್ತೆ ಹೇಳಿದ್ರಾ?" ಅಂದ.

"ಹೌದು."

"ಪುಸ್ತಕ ನೋಡಿ?"

"ಹೌದು, ಪುಸ್ತಕ ನೋಡಿ."

"ಸರಿ ಹಾಗಾದ್ರೆ" ಅಂದ. ಮನೆಯಲ್ಲಿ ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದ ಶಾಲೆಯ ಚೆಂಡನ್ನು ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟ. ಒಂದು ಕಡೆ ಪೂರ್ತಿ ಸವೆದಿತ್ತು. ಡ್ರಿಲ್ ಮೇಷ್ಟ್ರು, "ಸುಮ್ನೆ ಕೂತು ಏನು ಮಾಡ್ತೀಯ, ಪುಸ್ತಕ ಹಿಡಿ" ಅಂದರು. ಹಾಗಾಗಿ ಈಗ ಕನ್ನಡಕ ಬೌಲರ್, ಕಡ್ಡಿ ಸ್ಕೋರರ್. ಇಬ್ಬರೂ ಕುರ್ಚಿ ಬದಲಾಯಿಸಿಕೊಂಡರು.

ಕನ್ನಡಕ ಎರಡು ವಿಕೆಟ್ ತೆಗೆದ. ಕಡ್ಡಿ ಬರೆದ ಹಾಳೆ ಇದರ ಜೊತೆಗಿದೆ. ಪಂದ್ಯ ಮುಗಿದ ಮೇಲೆ ಅವನೇ ಕಾರ್ಬನ್ ಪ್ರತಿಯನ್ನು ನಾಲ್ಕಾಗಿ ಮಡಚಿ ಕೊಟ್ಟ. ಬಿಚ್ಚಿ ನೋಡಿಲ್ಲ, ಹಾಗೆಯೇ ಲಕೋಟೆಗೆ ಹಾಕುತ್ತಿದ್ದೇನೆ. ಕ್ಯಾಪ್ಟನ್ ಆದವನು ಇಂಥದ್ದಕ್ಕೆಲ್ಲ ಮನಸ್ಸು ಕೆಡಿಸಿಕೊಳ್ಳಬಾರದು ಅಲ್ಲವೇ ಅತ್ತೆ?

ಕ್ಯಾಪ್ಟನ್


ಆಗಸ್ಟ್ 18, 1984

ಕ್ಯಾಪ್ಟನ್,

ಕಡ್ಡಿಯ ಹಾಳೆಯನ್ನು ನೀನು ಬಿಚ್ಚಿ ನೋಡಬೇಕಿತ್ತು.

ಕನ್ನಡಕನ ಓವರುಗಳಲ್ಲಿ ಎರಡು ಅಂಕಿಗಳಿಗೆ ಸಣ್ಣ ಸುತ್ತು ಹಾಕಿದೆ. ಹಾಳೆಯ ಕೆಳಗೆ ಪುಟ್ಟ ಅಕ್ಷರದಲ್ಲಿ ಒಂದು ಸಾಲು: "ಸುತ್ತು ಹಾಕಿದ್ದು, ಕ್ಯಾಚ್ ಬಿಟ್ಟದ್ದು."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಏಕೆಂದರೆ ನಾನೂ ಗುರುತು ಹಾಕುವವಳು. ಕರಡು ತಿದ್ದುವಾಗ ಬಿಟ್ಟುಹೋದ ಪದ ಸೇರಿಸಬೇಕಾದ ಕಡೆ ನಾವು ಹಂಸಪಾದ ಹಾಕುತ್ತೇವೆ, ಬಾಣದ ತಲೆಯ ಹಾಗೆ ಒಂದು ಪುಟ್ಟ ಗೆರೆ. ಸ್ಕೋರ್ ಪುಸ್ತಕದಲ್ಲೂ ಯಾರಾದರೂ ಕ್ಯಾಚ್ ಬಿಟ್ಟರೆ ಆ ಚೆಂಡಿನ ಕೆಳಗೆ ಹಂಸಪಾದ ಹಾಕುತ್ತೇನೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಎಷ್ಟು ರೂಢಿಯಾಗಿದೆಯೆಂದರೆ, ಅದು ನನ್ನೊಬ್ಬಳ ಪದ್ಧತಿ, ಲೋಕದ ಯಾವ ಸ್ಕೋರರನೂ ಹಾಗೆ ಮಾಡುವುದಿಲ್ಲ, ಮಾಡಬೇಕೆಂಬ ನಿಯಮವೂ ಇಲ್ಲ ಎನ್ನುವುದೇ ಮರೆತುಹೋಗಿತ್ತು. ಕನ್ನಡಕನ ಹಾಳೆಗಳಲ್ಲಿ ಗುರುತಿಲ್ಲ ಎಂದರೆ ಕ್ಯಾಚೇ ಬಿಟ್ಟಿಲ್ಲ ಎಂದುಕೊಂಡೆ. ಎಂಥ ದಡ್ಡಿ ನಾನು!

ನಾನು ಹೊಗಳಿ ಬರೆದದ್ದು ಎರಡು ಸಲ. ಎರಡು ಸಲವೂ ನೀನು ಸುಮ್ಮನಿದ್ದೆ.

ಈಗ ನೇರವಾಗಿ ಕೇಳುತ್ತೇನೆ. ಕಡ್ಡಿಯ ಬೌಲಿಂಗಿನಲ್ಲಿ ಬಿಟ್ಟ ಕ್ಯಾಚುಗಳು ಎಷ್ಟು? ಬಿಟ್ಟವರು ಯಾರು? ನಿನ್ನ ಮಾವ ಮೊದಲ ದಿನದಿಂದ ಕೇಳುತ್ತಿರುವುದಕ್ಕೂ ಉತ್ತರ ಬೇಕು. ಸ್ಲಿಪ್ಪಿನಲ್ಲಿ ಯಾರು ನಿಲ್ಲುತ್ತಾರೆ?

ಅತ್ತೆ


ಆಗಸ್ಟ್ 26, 1984

ಅತ್ತೆಗೆ,

ನಾನು.

ಏಳು. ಮೊದಲ ಪಂದ್ಯದಲ್ಲಿ ಎರಡು, ಎರಡನೆಯದರಲ್ಲಿ ಮೂರು, ಮೂರನೆಯದರಲ್ಲಿ ಎರಡು. ಎಂಬತ್ತೆರಡು ಹೊಡೆದವನು ನಾಲ್ಕರಲ್ಲಿದ್ದಾಗ ಬಂದದ್ದು ನೇರ ಎದೆಗೆ. ನೀವು ಸೋರಿಕೆ ಅಂದಿರಲ್ಲ, ಆ ಒಂದು, ಎರಡು ರನ್ನುಗಳು, ಅವೆಲ್ಲ ನನ್ನ ಕೈಯಿಂದ ಜಾರಿ ಹಿಂದೆ ಓಡಿದ ಚೆಂಡುಗಳು. ಕನ್ನಡಕನ ಎರಡೂ ನನ್ನವೇ.

ಪುಸ್ತಕದಲ್ಲಿ ಕ್ಯಾಚ್ ಬಿಟ್ಟದ್ದಕ್ಕೆ ಜಾಗ ಇಲ್ಲ ಎಂದು ನನಗೆ ಗೊತ್ತಿತ್ತು. ನೀವು ಹೊಗಳಿದಾಗ ಮೊದಲು ಗಾಬರಿಯಾಯಿತು. ಆಮೇಲೆ ಒಂಥರಾ ಸಮಾಧಾನವಾಯಿತು. ಆ ಸಾಲನ್ನು ತಂಡಕ್ಕೆ ಓದಲಿಲ್ಲ. ಓದಿದ್ದರೆ ಹನ್ನೊಂದು ಜನರೂ ನಕ್ಕುಬಿಡುತ್ತಿದ್ದರು. ಎಲ್ಲರೂ ನೋಡಿದ್ದಾರೆ, ಯಾರೂ ಬಾಯಿ ಬಿಡಲಿಲ್ಲ. ಕ್ಯಾಪ್ಟನ್ ಅಲ್ಲವೇ.

ಸ್ಲಿಪ್ಪಿನಿಂದ ನಾನು ಬೇರೆ ಕಡೆ ಹೋಗಬಹುದಿತ್ತು. ಆದರೆ ಅಪ್ಪ ಪ್ರತಿ ಪಂದ್ಯದ ಹಿಂದಿನ ದಿನ ಹೇಳುತ್ತಾರೆ: "ಕ್ಯಾಪ್ಟನ್ ಅಂದ್ರೆ ಸ್ಲಿಪ್ಪು. ಎರಡು ವರ್ಷ ನಿಂತಿದ್ದೆ, ಒಂದೂ ಬಿಟ್ಟವನಲ್ಲ. ಬೇಕಾದ್ರೆ ನಿಮ್ಮತ್ತೆ ಪುಸ್ತಕ ತೆಗೆದು ನೋಡು, ಒಂದು ಗುರುತೂ ಇಲ್ಲ." ಅವರ ಮಗ ಅಲ್ಲಿಂದ ಹೊರಗೆ ಹೋದ ಅಂತ ಹೇಗೆ ಹೇಳಲಿ?

ನಿಮ್ಮ ಪತ್ರ ಬಂದ ದಿನ ಕಡ್ಡಿಯ ಮನೆಗೆ ಹೋದೆ. ಹಿಂದಿನ ಗೋಡೆಯ ಹತ್ತಿರ ಇದ್ದ. ಚೆಂಡು ನಾನು ತೆಗೆದುಕೊಂಡಿದ್ದೆನಲ್ಲ, ಬಟ್ಟೆ ಸುತ್ತಿ ಹೊಲಿದ ಉಂಡೆ ಹಾಕುತ್ತಿದ್ದ. ಯಾಕೆ ಸುತ್ತು ಹಾಕಿದೆ, ನನ್ನ ಮೇಲೆ ಸಿಟ್ಟಿಗಾ ಎಂದು ಕೇಳಿದೆ.

"ಸಿಟ್ಟು ಇದೆ, ಅದು ಬೇರೆ" ಅಂದ. "ಹಾಕದಿದ್ರೆ ನಾಳೆ ಕನ್ನಡಕನ್ನೂ ತೆಗೀತೀಯ. ಪುಸ್ತಕ ನೋಡಿ."

ನನಗೆ ಅಲ್ಲಿಯೇ ಅಳು ಬಂತು. ಅತ್ತದ್ದನ್ನು ಯಾರಿಗೂ ಹೇಳಬೇಡಿ, ಮಾವನಿಗೆ ಹೇಳಬಹುದು. ಈಗ ಏನು ಮಾಡಲಿ?


ಸೆಪ್ಟೆಂಬರ್ 1, 1984

ಮಗೂ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದೆ. ಚೆನ್ನಾಗಿ ಬೈಯಬೇಕೆಂದಿದ್ದೆ, ನಿಮ್ಮಪ್ಪ ಹೇಳಿದ ಮಾತನ್ನು ಓದಿದ ಮೇಲೆ ಬೈಗುಳ ಬರಲಿಲ್ಲ. ಏಕೆಂದು ಈಗ ಕೇಳಬೇಡ.

ಮಾಡಬೇಕಾದದ್ದು ಒಂದೇ. ಅದೇ ಕೋಣೆ, ಅದೇ ಹುಡುಗರು, ನನ್ನ ಪತ್ರವನ್ನು ಎಷ್ಟು ದೊಡ್ಡ ದನಿಯಲ್ಲಿ ಓದಿದೆಯೋ ಅಷ್ಟೇ ದೊಡ್ಡ ದನಿ. ಏಳು ಎಂದು ಹೇಳು. ಒಂದು ಕಡಿಮೆಯೂ ಬೇಡ. ನಿಮ್ಮತ್ತೆಯ ತೀರ್ಪು ತಪ್ಪು ಎಂದೂ ಹೇಳು. ಕಡ್ಡಿಗೆ ಬೇರೆ ಚೀಟಿ ಇಟ್ಟಿದ್ದೇನೆ, ಅಂಟಿಸಿದೆ, ನೀನು ತೆರೆಯುವ ಹಾಗಿಲ್ಲ. ದೊಡ್ಡವರೂ ಕ್ಷಮೆ ಕೇಳಬಹುದು, ಅದಕ್ಕೇನು ನಿಯಮ ಅಡ್ಡಬರುವುದಿಲ್ಲ.

ಕೆಳಗೆ ನಿನ್ನ ಮಾವ ಬರೆಯುತ್ತಾರಂತೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಇವರು ಯಾರಿಗಾದರೂ ಪತ್ರ ಬರೆದದ್ದನ್ನು ನಾನು ನೋಡಿಲ್ಲ.

ಅತ್ತೆ

ಅಳಿಯನಿಗೆ ಆಶೀರ್ವಾದ. ಸ್ಲಿಪ್ಪಿನಲ್ಲಿ ಯಾರು ಬೇಕು ಅಂತ ಬೌಲ್ ಮಾಡುವವನನ್ನು ಕೇಳು. ನನ್ನನ್ನು ಯಾರೂ ಕೇಳಿರಲಿಲ್ಲ. ಇಷ್ಟೇ. ಮಾವ.


ಸೆಪ್ಟೆಂಬರ್ 10, 1984

ಅತ್ತೆಗೂ ಮಾವನಿಗೂ ನಮಸ್ಕಾರ.

ಸೋತೆವು. ಒಂದೇ ವಿಕೆಟ್ಟಿನಿಂದ. ಆದರೆ ಪುಸ್ತಕ ಸರಿಯಾಗಿದೆ.

ಮೊದಲು ಕೋಣೆಯ ವಿಷಯ. ಎಲ್ಲರನ್ನೂ ನಿಲ್ಲಿಸಿ ಏಳು ಎಂದೆ. ದನಿ ದೊಡ್ಡದಾಗಿಯೇ ಇತ್ತು. ಹಿಂದಿನಿಂದ ಯಾರೋ, "ಕನ್ನಡಕಂದು ಎರಡು ಸೇರ್ಸು" ಅಂದರು. ಒಂಬತ್ತು ಎಂದೆ. ಫೈನಲ್ಲಿಗೆ ನಾನೇ ಹೊರಗೆ ಕೂರುತ್ತೇನೆ, ಕಡ್ಡಿ ಬರಲಿ ಎಂದಾಗ ಡ್ರಿಲ್ ಮೇಷ್ಟ್ರು, "ನೀನು ಕೂತ್ರೆ ಟಾಸ್ ಹಾಕೋದಕ್ಕೆ ನಮ್ಮಜ್ಜ ಬರ್ತಾರಾ? ತಪ್ಪು ಮಾಡಿದವನು ಬಿಸಿಲಲ್ಲಿ ನಿಂತ್ಕೋಬೇಕು, ನೆರಳಲ್ಲಲ್ಲ" ಅಂದರು. ರನ್ ಬಾರದಿದ್ದ ಇನ್ನೊಬ್ಬ ಬ್ಯಾಟ್ಸ್‌ಮನ್ ಹೊರಗುಳಿದ. ಅವನಿಗೆ ಕಾರಣವನ್ನು ನಾನೇ ಹೇಳಿದೆ, ಯಾವ ಪತ್ರವನ್ನೂ ಓದಲಿಲ್ಲ. ಪುಸ್ತಕ ಮೇಷ್ಟ್ರೇ ಹಿಡಿದರು.

ಮಾವ ಹೇಳಿದ ಹಾಗೆ ಕಡ್ಡಿಯನ್ನು ಕೇಳಿದೆ. ಚೆಂಡನ್ನು ಅಂಗಿಗೆ ಉಜ್ಜುತ್ತಾ ಒಂದು ಕ್ಷಣವೂ ಯೋಚಿಸದೆ, "ಕನ್ನಡಕ" ಅಂದ. ಎಲ್ಲರೂ ನಕ್ಕರು. ಕನ್ನಡಕ ತನ್ನ ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿಕೊಂಡು ಬಂದು ಸ್ಲಿಪ್ಪಿನಲ್ಲಿ ನಿಂತ. ಮೂರು ಹಿಡಿದ ಅತ್ತೆ! ಮೂರನೆಯದು ನೆಲಕ್ಕೆ ನಾಲ್ಕು ಬೆರಳು ಮೇಲೆ. ನಾನು ದೂರದ ಗೆರೆಯ ಹತ್ತಿರ ನಿಂತಿದ್ದೆ. ಅಲ್ಲಿಂದ ಕಡ್ಡಿಯ ಚೆಂಡು ತಿರುಗುವುದು ಚೆನ್ನಾಗಿ ಕಾಣುತ್ತದೆ. ಸ್ಲಿಪ್ಪಿನಲ್ಲಿದ್ದಾಗ ನನಗೆ ನನ್ನ ಕೈಗಳೇ ಕಾಣುತ್ತಿದ್ದವು.

ನಾವು ನೂರ ನಲವತ್ತೆರಡು ಮಾಡಿದ್ದೆವು. ಅವರಿಗೆ ಐದು ರನ್ ಬೇಕಿತ್ತು, ಕೊನೆಯ ಜೋಡಿ. ಕಡ್ಡಿಯ ಚೆಂಡನ್ನು ಒಬ್ಬ ಆಕಾಶಕ್ಕೆ ಎತ್ತಿದ. ನನ್ನ ಕಡೆಗೇ ಬಂತು. ಕೈ ಮುಂದಿಟ್ಟಿದ್ದೆ, ಹಿಂದೆ ಕಟ್ಟಿರಲಿಲ್ಲ. ಕೈಗೂ ಬಂತು. ಆಮೇಲೆ ನೆಲದ ಮೇಲಿತ್ತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚೆಂಡು ಎಸೆದು, ಸ್ಕೋರ್ ಮೇಜಿನ ಕಡೆ ತಿರುಗಿ ಕೂಗಿದೆ: "ಸುತ್ತು ಹಾಕಿ ಸಾರ್!"

ಪಿಚ್ಚಿನ ಹತ್ತಿರದಿಂದ ಕಡ್ಡಿ, "ದೊಡ್ಡದಾಗೇ ಹಾಕಿ ಸಾರ್!" ಅಂದ.

ಅಂಪೈರ್ ಕೂಡ ನಕ್ಕುಬಿಟ್ಟರು. ಮುಂದಿನ ಓವರಿನಲ್ಲಿ ಅವರು ಗೆದ್ದರು. ಕಡ್ಡಿಗೆ ಆರು ವಿಕೆಟ್. ಹಾಳೆ ಇಟ್ಟಿದ್ದೇನೆ, ಈ ಸಲ ಬಿಚ್ಚಿ ಎರಡು ಸಲ ನೋಡಿದ್ದೇನೆ. ಆಟ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಮನೆಗೆ ನಡೆದೆವು. ಸವೆದ ಚೆಂಡನ್ನು ಅವನಿಗೆ ವಾಪಸ್ ಕೊಟ್ಟೆ. ನಿಮ್ಮ ಚೀಟಿಯಲ್ಲಿ ಏನಿತ್ತು ಅಂತ ಅವನು ಹೇಳುತ್ತಿಲ್ಲ.

ಮಾವ ಬೌಲ್ ಮಾಡುತ್ತಿದ್ದರೇ? ನನಗೆ ಯಾರೂ ಹೇಳಿಲ್ಲ. ಅಪ್ಪನನ್ನು ಕೇಳಿದೆ. "ಏನೋ ಸ್ವಲ್ಪ ದಿನ" ಅಂದು ಪೇಪರ್ ಎತ್ತಿಕೊಂಡರು. ತಲೆಕೆಳಗಾಗಿ ಹಿಡಿದಿದ್ದರು.

ಕ್ಯಾಪ್ಟನ್


ಸೆಪ್ಟೆಂಬರ್ 17, 1984

ನನ್ನ ಕ್ಯಾಪ್ಟನ್‌ಗೆ,

ಇವತ್ತು ಹಾಗೆ ಕರೆಯುವಾಗ ಗೇಲಿಯಿಲ್ಲ. ನಿನ್ನ ಹಾಳೆಯನ್ನು ಪ್ರೆಸ್ಸಿನ ನನ್ನ ಮೇಜಿನ ಎದುರು ಗೋಡೆಗೆ ಅಂಟಿಸಿದ್ದೇನೆ. ಆ ದೊಡ್ಡ ಸುತ್ತನ್ನು ಬಂದವರಿಗೆಲ್ಲ ತೋರಿಸುತ್ತೇನೆ. "ನನ್ನಣ್ಣನ ಮಗ ಬಿಟ್ಟದ್ದು" ಎಂದು ಹೇಳುವಾಗ ನನಗಾಗುವ ಹೆಮ್ಮೆ ನೀನು ಹಿಡಿದಿದ್ದರೂ ಆಗುತ್ತಿರಲಿಲ್ಲ.

ಈಗ ನನ್ನ ಸರದಿ. ನಿನಗೆ ಬುದ್ಧಿ ಹೇಳುವ ಗಡಿಬಿಡಿಯಲ್ಲಿ ನಾನು ಒಂದು ವಿಷಯ ಮುಚ್ಚಿಟ್ಟೆ. ನಿನ್ನಿಂದಲ್ಲ, ಇಪ್ಪತ್ತೊಂದು ವರ್ಷದಿಂದ ನನ್ನಿಂದಲೇ ಮುಚ್ಚಿಟ್ಟಿದ್ದೆ.

ನಿಮ್ಮಪ್ಪ ಹೇಳುವುದು ಸುಳ್ಳಲ್ಲ. ನನ್ನ ಪುಸ್ತಕದಲ್ಲಿ ಅವನ ಹೆಸರಿಗೆ ಒಂದು ಹಂಸಪಾದವೂ ಇಲ್ಲ. ಎಲ್ಲರಿಗೂ ಹಾಕುತ್ತಿದ್ದೆ, ಅವನಿಗೆ ಹಾಕುತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಚಹಾ ಕುಡಿಯುತ್ತಾ ಪುಸ್ತಕ ತಿರುವಿ ಹಾಕುತ್ತಿದ್ದ. "ನಂದು ಬೇಡ ಬಿಡೇ, ಅದು ಸುಲಭದ ಕ್ಯಾಚ್ ಅಲ್ಲ" ಎನ್ನುತ್ತಿದ್ದ. ನನಗೆ ಹತ್ತೊಂಬತ್ತು ವರ್ಷ, ಅಣ್ಣನೆಂದರೆ ಪ್ರಾಣ. ಪ್ರತಿ ಸಲವೂ ಬಿಟ್ಟೆ. ಆ ತಂಡದಲ್ಲಿ ಒಬ್ಬ ಎಡಗೈ ಸ್ಪಿನ್ನರ್ ಇದ್ದ, ಪ್ರೆಸ್ಸಿನಲ್ಲಿ ರಟ್ಟು ಹಾಕುವವನು. ವಿಕೆಟ್ ಬೀಳುತ್ತಿಲ್ಲ, ರನ್ ಸೋರುತ್ತಿದೆ ಎಂದು ಪುಸ್ತಕ ನೋಡಿ ಅವನನ್ನು ತೆಗೆದರು. ನನ್ನ ಪುಸ್ತಕ. ಅವನು ಒಂದು ಮಾತೂ ಆಡಲಿಲ್ಲ, ಮತ್ತೆ ಚೆಂಡು ಮುಟ್ಟಲೂ ಇಲ್ಲ. ಎರಡು ವರ್ಷದ ಮೇಲೆ ಅವನನ್ನೇ ಮದುವೆಯಾದೆ. ಆಟ ಬೇಸರವಾಗಿ ಬಿಟ್ಟರು ಎಂದು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ಸಂಸಾರ ಮಾಡಿದೆ.

ವರ್ಷದ ಕೊನೆಗೆ ಆ ಪುಸ್ತಕಗಳನ್ನು ಹೊಲಿದು ರಟ್ಟು ಹಾಕಿದವರು ಇವರೇ. ಹಾಳೆ ಹಾಳೆಯೂ ಇವರ ಕೈಯಲ್ಲಿ ಹಾದುಹೋಗಿದೆ. ನಾನು ಹಾಕದ ಗುರುತುಗಳೆಲ್ಲ ಇವರಿಗೆ ಗೊತ್ತಿತ್ತು.

ನಿನ್ನೆ ಭಾನುವಾರ ಮಧ್ಯಾಹ್ನ ಎರಡೂ ವರ್ಷದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಕೆಂಪು ಶಾಯಿ ತೆಗೆದುಕೊಂಡು ಎದುರು ಕೂತು, "ಹೇಳಿ" ಎಂದೆ. ಸ್ವಲ್ಪ ಹೊತ್ತು ಅಂಟು ಕೀಳುತ್ತಾ ಕೂತಿದ್ದರು. ಆಮೇಲೆ, "ಮೂರನೇ ಪಂದ್ಯ, ನನ್ನ ಎರಡನೇ ಓವರು, ನಾಲ್ಕನೇ ಚೆಂಡು. ಮೊಣಕಾಲೆತ್ತರ" ಅಂದರು. ಪುಟ ತೆಗೆದೆ. ಅಲ್ಲಿ ಎರಡು ರನ್ ಇತ್ತು. ಹಂಸಪಾದ ಹಾಕಿದೆ. ಒಂದಾದ ಮೇಲೊಂದು ಹೇಳಿದರು, ಒಂದನ್ನೂ ತಡಕಾಡಲಿಲ್ಲ. ಎಲ್ಲವೂ ಅವರು ಹೇಳಿದ ಜಾಗದಲ್ಲೇ ಇದ್ದವು. ಒಟ್ಟು ಹನ್ನೊಂದು. ನಿನ್ನದು ಹತ್ತು, ನಿಮ್ಮಪ್ಪನೇ ಮುಂದಿದ್ದಾನೆ. ಈ ಪತ್ರವನ್ನು ಅವನಿಗೆ ಓದಿ ಹೇಳು. ಎಷ್ಟು ದೊಡ್ಡ ದನಿಯಲ್ಲಿ ಎಂದು ನಿನಗೆ ಗೊತ್ತು. ಪಾಪ, ಮೊದಲು ಒಂದು ಲೋಟ ಚಹಾ ಕೊಡು.

ನಾನು ತಪ್ಪಾಯಿತು ಎಂದೆ. ಇವರು ಪುಸ್ತಕ ತಿರುಗಿಸಿ ನೋಡಿ, "ಹೊಲಿಗೆ ಸಡಿಲಾಗಿದೆ, ಬಿಚ್ಚಿ ಹೊಸದಾಗಿ ಹಾಕ್ತೀನಿ" ಅಂದರು. ಇವರ ಕ್ಷಮೆ ಯಾವಾಗಲೂ ಹೀಗೇ, ಏನಾದರೊಂದು ರಿಪೇರಿ.

ಸಂಜೆ ಒಳಗೆ ಹೋದವರು ಯಾವುದೋ ಪೆಟ್ಟಿಗೆಯ ತಳದಿಂದ ಒಂದು ಚೆಂಡು ಹಿಡಿದು ಹೊರಬಂದರು. ಇಷ್ಟು ವರ್ಷ ಅದೆಲ್ಲಿತ್ತೋ! ಹಿತ್ತಲಲ್ಲಿ ಬಕೆಟ್ಟನ್ನು ಬೋರಲು ಹಾಕಿ ವಿಕೆಟ್ ಮಾಡಿದರು. ಬೆರಳುಗಳನ್ನು ಚೆಂಡಿನ ಮೇಲೆ ಹರಡಿಕೊಂಡು ನನ್ನನ್ನೇ ನೋಡುತ್ತಾ, "ಸ್ಲಿಪ್ಪಲ್ಲಿ ಯಾರು ನಿಲ್ತಾರೆ?" ಅಂದರು.

"ಬೌಲರನ್ನ ಕೇಳ್ಬೇಕು" ಎಂದೆ.

"ನೀನು ನಿಲ್ಲು" ಅಂದರು.

ನಿಂತೆ. ಕೈ ಮುಂದಿಟ್ಟುಕೊಂಡೇ ನಿಂತೆ. ಹೊಡೆಯುವವರು ಯಾರೂ ಇರಲಿಲ್ಲ. ಚೆಂಡು ನೆಲ ಮುಟ್ಟಿತು, ತಿರುಗಿತು, ಬಕೆಟ್ಟಿಗೆ ಕೂದಲೆಳೆಯಷ್ಟು ಪಕ್ಕದಲ್ಲಿ ಹಾದು ನೇರ ನನ್ನ ಕೈಗೇ ಬಂತು.

ಬಿಟ್ಟೆ.

ಒಳಗೆ ಹೋಗಿ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ನನಗೂ ಒಂದು ಹಂಸಪಾದ ಹಾಕಿ ಬಂದೆ. ಬರುವಷ್ಟರಲ್ಲಿ ನಿನ್ನ ಮಾವ ಎರಡನೆಯ ಚೆಂಡಿಗೆ ಸಿದ್ಧವಾಗಿ ನಿಂತಿದ್ದರು.

ನಿನ್ನ ಅತ್ತೆ